ಒಂದು ತಲೆದಿಂಬಿನ ವಿಷಯ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನನ್ನಾದರೂ ಬರೆದುಕೊಡಬೇಕೆಂಬುದು ನಮ್ಮ ಶಾಲೆಯಲ್ಲಿ ನಡೆದುಬಂದ ಪದ್ಧತಿ. ಪರೀಕ್ಷೆಯ ಫಲಿತಾಂಶ, ಹೊಸ ಕೊಠಡಿಗಳು, ಆಟದಲ್ಲಿ ದೊರೆತ ಢಾಲುಗಳು, ಇವೆಲ್ಲವೂ ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಅಚ್ಚಾಗಿರುವವು. ಆದಕಾರಣ ನಾನು ಈ ಸಾರೆ ಒಂದು ಸಣ್ಣ ವಸ್ತುವಿನ ವಿಷಯವಾಗಿ ಬರೆಯುವೆನು. ಅದು ೧೨ ಅಂಗುಲ ಉದ್ದ, ೧೨ ಅಂಗುಲ ಅಗಲದ ಒಂದು ತಲೆದಿಂಬು. ಕಳೆದ ಬೇಸಿಗೆಯ ರಜೆಯಲ್ಲಿ ಅದನ್ನು ನಾನು ಕೈಯಿಂದ ಹೊಲಿದೆನು. ಹೊಲಿಯುತ್ತಿರುವಾಗ ನೆನಪಾದ ಒಂದು ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆ ಹೇಳಿಕೊಳ್ಳದೆ ಇರಲಾರೆನು.

ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನು ಹೊಸ ಮನೆಯನ್ನು ಕಟ್ಟಿಸಿ, ತನ್ನ ಆರು ವರುಷದ ಮಗಳಿಗೆ ಮಲಗುವದಕ್ಕೆಂದು ಒಂದು ಕೋಣೆಯನ್ನು ಬೇರೆಯಾಗಿ ಮಾಡಿಸಿದನು. ಗೋಡೆಗೆ ಅವಳೇ ಆರಿಸಿದ ಹಳದಿ ಬಣ್ಣ, ಕಿಟಕಿಗೆ ಪರದೆ, ಪುಟ್ಟ ಮಂಚ, ಎಲ್ಲವೂ ಒದಗಿದವು. ಆದರೆ ಹುಡುಗಿಯು ದಿನಾಲೂ ನಡುರಾತ್ರಿಯಲ್ಲಿ ಎದ್ದು ತಾಯಿಯ ಹಾಸಿಗೆಗೆ ಬಂದುಬಿಡುವಳು. ನಾನು ಹೋದಾಗ ಅವಳನ್ನು ಹತ್ತಿರ ಕೂರಿಸಿಕೊಂಡು ಕಾರಣವನ್ನು ಕೇಳಿದೆನು. ಅವಳು ಸ್ವಲ್ಪ ಯೋಚಿಸಿ, “ಆ ಖೋಲ್ಯಾಗ ಯಾರೂ ಇಲ್ಲ, ಅತ್ತಿ” ಎಂದಳು.

ಮಗುವಿನ ಈ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಅಂಗಡಿಗಳಲ್ಲಿ ಬೊಂಬೆಗಳ ಚಿತ್ರವಿರುವ ದಿಂಬುಗಳು ಬೇಕಾದಷ್ಟು ದೊರೆಯುವವು. ಆದರೆ ಅವುಗಳಲ್ಲಿಯೂ ಯಾರೂ ಇಲ್ಲವಷ್ಟೆ. ಆದ್ದರಿಂದ ನಾನು ಮನೆಗೆ ಬಂದು ನಮ್ಮ ತಾಯಿಯ ಪೆಟ್ಟಿಗೆಯನ್ನು ತೆರೆದೆನು. ಅವಳು ತೀರಿಹೋಗಿ ಎರಡು ವರುಷಗಳಾಗಿದ್ದವು. ಅದರಲ್ಲಿ ಅವಳು ಉಟ್ಟು ಸವೆಸಿದ ಒಂದು ಇಳಕಲ್ ಸೀರೆ ಇತ್ತು. ಇಳಕಲ್ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನು ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸಿ ನೇಯುವರು. ಇದನ್ನು ತೋಪು ತೆನೆ ಎನ್ನುವರು. ನಮ್ಮ ತಾಯಿಯ ಸೀರೆಯ ಕೆಂಪು ರೇಶಿಮೆಯ ಸೆರಗು ಮುಟ್ಟಿದರೆ ಹರಿಯುವಂತಿತ್ತು, ಆದರೆ ಹತ್ತಿಯ ಒಡಲು ಇನ್ನೂ ತಾಳುವಂತಿತ್ತು. ಅದರ ಸಂಗಡ ನಮ್ಮ ತಂದೆಯ ಒಂದು ಧೋತರ, ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡದ ಖಣದ ಚೂರುಗಳು, ತಮ್ಮನು ಹುಡುಗನಾಗಿದ್ದಾಗ ತೊಟ್ಟ ಚೌಕಳಿಯ ಅಂಗಿ, ಮಗುವಿನದೇ ಆದ ಮೊದಲ ವರುಷದ ಲಂಗ, ಇಷ್ಟನ್ನು ಕೂಡಿಸಿದೆನು. ಇವುಗಳಿಂದ ಕೌದಿಯ ಹೊಲಿಗೆಯ ದಿಂಬೊಂದನ್ನು ಮಾಡಬೇಕೆಂದು ಯೋಚಿಸಿದೆನು.

ನಮ್ಮ ಸೀಮೆಯ ತಾಯಂದಿರಿಗೆ ಕೌದಿಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಈಗಿನ ಎಳೆಯ ತಾಯಂದಿರಲ್ಲಿ ಕೆಲವರು ಅದನ್ನು ಹೊದ್ದು ಮಲಗಿದ್ದಾರೆಯೇ ಹೊರತು ಹೊಲಿದಿಲ್ಲ. ಅವರಿಗೋಸ್ಕರ ಕ್ರಮವನ್ನು ಬರೆಯುವೆನು. ಮೊದಲು ತಳಕ್ಕೆ ಒಂದು ಗಟ್ಟಿ ಅರಿವೆಯನ್ನು ೧೪ ಅಂಗುಲ ಚೌಕವಾಗಿ ಕತ್ತರಿಸಿಕೊಳ್ಳಬೇಕು. ದಿಂಬು ೧೨ ಅಂಗುಲದ್ದಾದರೂ ತಳವು ಹೆಚ್ಚಾಗಿರಬೇಕು, ಯಾಕಂದರೆ ಹೊಲಿದಷ್ಟೂ ಅರಿವೆಯು ಒಳಕ್ಕೆ ಸೇದಿಕೊಳ್ಳುವದು. ಅದರ ಮೇಲೆ ಹಳೆಯ ಧೋತರವನ್ನು ಎರಡು ಮಡಿಕೆಯಾಗಿ ಹಾಸಿ, ಜರುಗದಂತೆ ಕಚ್ಚಾ ಹೊಲಿಗೆಯನ್ನು ಹಾಕಬೇಕು. ಬಳಿಕ ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ತುಂಡುಗಳನ್ನು ಇಡುತ್ತ ಹೋಗುವದು. ಪ್ರತಿಯೊಂದು ತುಂಡಿನ ಅಂಚನ್ನು ಕಾಲು ಅಂಗುಲ ಒಳಕ್ಕೆ ಮಡಿಸಿ, ಹಿಂದಿನ ತುಂಡಿನ ಮೇಲೆ ತುಸು ಏರುವಂತೆ ಇಟ್ಟು, ಎಲ್ಲ ಪದರುಗಳನ್ನೂ ಹಿಡಿದು ಸಾದಾ ಹೊಲಿಗೆಯಿಂದ ಹೊಲಿಯುವದು. ಅಂಚಿನ ಸುತ್ತು ಮುಗಿದ ಮೇಲೆ ಅರ್ಧ ಅಂಗುಲ ಒಳಗೆ ಎರಡನೆಯ ಸುತ್ತು, ಅದರೊಳಗೆ ಮೂರನೆಯದು. ಹೀಗೆ ಸಾಲುಗಳು ಚೌಕದೊಳಗೊಂದು ಚೌಕವಾಗಿ ನಟ್ಟನಡುವಿಗೆ ಬಂದು ನಿಲ್ಲುವವು. ಹೊಸ ಅರಿವೆಯ ತುಂಡುಗಳನ್ನು ಮೊದಲೇ ಒಮ್ಮೆ ಒಗೆದು ಒಣಗಿಸಿಕೊಳ್ಳಬೇಕು. ಇಲ್ಲವಾದರೆ ಅವು ಆಮೇಲೆ ಕುಗ್ಗಿ ಹಳೆಯವುಗಳನ್ನು ಎಳೆಯುವವು, ಬಣ್ಣವನ್ನೂ ಬಿಡುವವು.

ನಾನು ಎರಡನೆಯ ಸುತ್ತಿನಲ್ಲಿದ್ದಾಗ ಕನ್ನಡಕವನ್ನು ಒರಸಿಕೊಂಡು ನೋಡಿದೆನು. ಸಾಲು ಓರೆಯಾಗಿತ್ತು. ನಮ್ಮ ತಾಯಿಯ ಸೀರೆಯ ತುಂಡಿನ ಮೇಲೆಯೇ ಅದು ಅರ್ಧ ಅಂಗುಲವನ್ನು ಬಿಟ್ಟು ಮುಕ್ಕಾಲು ಅಂಗುಲಕ್ಕೆ ಸರಿದಿತ್ತು. ಬಿಚ್ಚಬೇಕೆಂದು ಕತ್ತರಿಯನ್ನು ಕೈಗೆ ತೆಗೆದುಕೊಂಡೆನು. ಆಗ ನನಗೆ ೨೦೦೩ನೆಯ ಇಸವಿಯ ಒಂದು ಮುಂಜಾನೆ ನೆನಪಾಯಿತು, ಕೈ ತಡೆಯಿತು.

ಆಗ ನನಗೆ ಇಪ್ಪತ್ತೈದು ವರುಷ. ಶಿಕ್ಷಕಿಯ ತರಬೇತಿಯನ್ನು ಮುಗಿಸಿ ಈ ಶಾಲೆಗೆ ಹೊಸದಾಗಿ ಬಂದಿದ್ದೆನು. ಇತರ ಪಾಠಗಳ ಸಂಗಡ ಎಂಟನೆಯ ತರಗತಿಯ ಹೊಲಿಗೆಯೂ ನನ್ನ ಪಾಲಿಗೆ ಬಂದಿತ್ತು. ನಾನು ಕಲಿತದ್ದು ಕಸೂತಿ. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಅದರ ನಾಲ್ಕು ಹೊಲಿಗೆಗಳನ್ನೂ ಎಳೆ ಎಣಿಸಿ ಹಾಕಬೇಕು. ಗಾವಂತಿಯಲ್ಲಿ ಸೂಜಿಯು ಹೋದ ದಾರಿಯಲ್ಲಿಯೇ ತಿರುಗಿ ಬರುವದರಿಂದ ಅರಿವೆಯ ಎರಡು ಮಗ್ಗುಲೂ ಒಂದೇ ರೂಪವಾಗಿರುವದು. ಎಲ್ಲಿಯೂ ಗಂಟು ಕಾಣಬಾರದು. ಒಂದು ಎಳೆ ಎಣಿಕೆ ತಪ್ಪಿದರೂ ಮುಂದಿನ ತೇರು, ಗೋಪುರ, ಆನೆಗಳೆಲ್ಲ ಓರೆಯಾಗುವವು. ಆದ್ದರಿಂದ ಕಸೂತಿಯಲ್ಲಿ ತಪ್ಪಿದ ಕೂಡಲೇ ಬಿಚ್ಚಲೇಬೇಕು. ಇದೇ ಹೊಲಿಗೆಯ ಧರ್ಮವೆಂದು ನಾನು ತಿಳಿದಿದ್ದೆನು.

ಆ ವರುಷ ಪ್ರದರ್ಶನಕ್ಕಾಗಿ ಪ್ರತಿಯೊಬ್ಬ ಹುಡುಗಿಯೂ ಒಂದೊಂದು ದಿಂಬಿನ ಚೀಲವನ್ನು ಹೊಲಿಯಬೇಕೆಂದು ಗೊತ್ತುಮಾಡಿದ್ದೆನು. ಒಂದು ಅಂಗುಲಕ್ಕೆ ಎಂಟು ಹೊಲಿಗೆ ಎಂಬುದು ನಿಯಮ. ಎರೆಯ ಸೀಮೆಯ ಒಂದು ಹಳ್ಳಿಯಿಂದ ಬಂದು ವಸತಿಗೃಹದಲ್ಲಿದ್ದ ಹುಡುಗಿಯೊಬ್ಬಳು ಹೊಸ ಅರಿವೆಯನ್ನು ಕೊಳ್ಳದೆ ಹಳೆಯ ಸೀರೆಯ ತುಂಡುಗಳನ್ನು ತಂದು ಕೌದಿಯಂತೆ ಹೊಲಿಯುತ್ತಿದ್ದಳು. ಅವಳ ಹೊಲಿಗೆಗಳು ಒಂದು ಉದ್ದ, ಒಂದು ಗಿಡ್ಡ, ಸಾಲುಗಳು ನೆಟ್ಟಗಿರಲಿಲ್ಲ. ನಾನು ಅದನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿ, “ಹೀಗೆ ಹೊಲಿಯಬಾರದು. ನಾಳೆ ಇದನ್ನೆಲ್ಲ ಬಿಚ್ಚಿಕೊಂಡು ಬಾ” ಎಂದೆನು. ಹುಡುಗಿಯರು ನಕ್ಕರು. ಅವಳು ಮಾತ್ರ, “ಆಗಲ್ರಿ ಅಕ್ಕೋರ” ಎಂದು ತೆಗೆದುಕೊಂಡು ಹೋದಳು.

ಮರುದಿನ ಮುಂಜಾನೆ ಅವಳು ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟಳು. ಹೇಳಿದಂತೆ ಬಿಚ್ಚಿದ್ದಳು. ಆದರೆ ಸವೆದ ಅರಿವೆಯಾದುದರಿಂದ ದಾರವನ್ನು ಎಳೆದಲ್ಲೆಲ್ಲ ಸೂಜಿಯ ತೂತುಗಳು ಒಂದಕ್ಕೊಂದು ಕೂಡಿ ಸಾಲುಗಟ್ಟಿ ಹರಿದುಹೋಗಿದ್ದವು. ಅವಳು ಅಳಲಿಲ್ಲ. “ಇನ್ನ ಏನ್ ಮಾಡ್ಲಿರಿ ಅಕ್ಕೋರ?” ಎಂದು ಕೇಳಿದಳು. ನನಗೆ ಉತ್ತರ ತೋಚದೆ, ಇದು ಯಾರ ಸೀರೆ ಎಂದು ಕೇಳಿದೆನು. “ಅವ್ವಂದ್ರಿ” ಎಂದಳು. ಅವ್ವ ಹೊಸ ಅರಿವೆಯನ್ನು ಕೊಡಿಸಲಿಲ್ಲವೇ ಎಂದೆನು. ಅವಳು ನೆಲವನ್ನು ನೋಡುತ್ತ, “ಯುಗಾದಿಗೆ ವರ್ಷ ಆಗ್ತದ್ರಿ” ಎಂದಳು. ಊರಲ್ಲಿ ನಾಲ್ಕು ವರುಷದ ತಮ್ಮನಿರುವನೆಂದೂ, ಅವನಿಗೆ ರಾತ್ರಿ ನಿದ್ದೆ ಬರುವದಿಲ್ಲವೆಂದೂ, ದಿಂಬು ಅವನಿಗಾಗಿ ಎಂದೂ ಆಮೇಲೆ ತಿಳಿಯಿತು. ಇದಾವುದನ್ನೂ ನಾನು ಮೊದಲು ಕೇಳಿರಲಿಲ್ಲ.

ಆದಿತ್ಯವಾರ ಅವಳ ಅಜ್ಜಿಯು ನೋಡುವದಕ್ಕೆ ಬಂದಳು. ಹುಡುಗಿಯು ಆ ಚಿಂದಿಯನ್ನು ಅವಳಿಗೆ ತೋರಿಸಿದಳು. ನಾನು ಹೆದರಿ ದೂರದಲ್ಲಿ ನಿಂತಿದ್ದೆನು. ಮುದುಕಿಯು ಗದ್ದರಿಸಲಿಲ್ಲ. ಪಡಸಾಲೆಯಲ್ಲಿ ಕೂತು, ಎಲೆ ಅಡಿಕೆಯ ಸಂಚಿಯೊಳಗಿಂದ ದಾರ ಸುತ್ತಿದ ಸೂಜಿಯನ್ನು ತೆಗೆದು, ನನ್ನನ್ನು ಹತ್ತಿರ ಕರೆದು, “ಅಕ್ಕೋರ, ಇದು ಹೊಸಾ ಅರಿವಿ ಅಲ್ರಿ. ಉಟ್ಟು ಉಟ್ಟು ಸವದದ್ದು. ಸವದ ಅರಿವಿ ಬಿಚ್ಚಬಾರದ್ರಿ, ಅದರ ಮ್ಯಾಲ ಇನ್ನೊಂದು ಹಚ್ಚಬೇಕು” ಎಂದಳು. ಆಮೇಲೆ, “ನಿಮ್ಮದೂ ಒಂದು ತುಂಡು ಕೊಡ್ರಿ” ಎಂದು ಕೈ ಚಾಚಿದಳು. ನಾನು ನನ್ನ ಬಿಳಿಯ ಕೈವಸ್ತ್ರವನ್ನು ಕೊಟ್ಟೆನು. ಅವಳು ಅದನ್ನು ಅತಿ ಹೆಚ್ಚು ಹರಿದಿದ್ದ ಎಡೆಯಲ್ಲಿ ಇಟ್ಟು, ಅಂಚನ್ನು ಉಗುರಿನಿಂದ ಮಡಿಸಿ ಹೊಲಿದಳು. ಒಂದು ಗಂಟೆಯ ಹೊತ್ತು ನಾನೂ ಹುಡುಗಿಯೂ ಎರಡು ಕಡೆಗೆ ಕೂತು ಕಲಿತೆವು. ಅವಳ ಸಾಲುಗಳೂ ನೆಟ್ಟಗಿರಲಿಲ್ಲ. ಅರಿವೆಯು ಎಲ್ಲಿ ತಾಳುವದೋ ಅಲ್ಲಿ ಸೂಜಿ ಚುಚ್ಚುತ್ತಿದ್ದಳು. ಎಲ್ಲಿ ಜಾಳಾಗಿತ್ತೋ ಅಲ್ಲಿ ಸರಿದು ಹೋಗುತ್ತಿದ್ದಳು. ಅವಳ ಮೊಮ್ಮಗಳ ಓರೆ ಸಾಲಿನ ಕಾರಣ ಆಗ ನನಗೆ ತಿಳಿಯಿತು. ಎಳೆ ಎಣಿಸುವ ಕಸೂತಿಯ ನಿಯಮವನ್ನು ನಾನು ಎಳೆ ಸವೆದ ಅರಿವೆಯ ಮೇಲೆ ಹೇರಿದ್ದೆನು.

ಇಷ್ಟು ತಿಳಿದ ಮೇಲೆ ನಾನು ಮಾಡಬೇಕಾದದ್ದನ್ನು ಮಾಡಿದೆನೆಂದು ಬರೆಯುವಂತಿದ್ದರೆ ಸಂತೋಷವಾಗುತ್ತಿತ್ತು. ಪ್ರದರ್ಶನದ ದಿವಸ ಆ ದಿಂಬು ಮೇಜಿನ ಮೇಲೆ ಇರಲಿಲ್ಲ. ಹುಡುಗಿಯು ಅದನ್ನು ಮುಗಿಸಿದ ಕೂಡಲೇ ಊರಿಗೆ ಕಳುಹಿಸಿಬಿಟ್ಟಿದ್ದಳು. ತಮ್ಮನಿಗೆ ಅದು ಬೇಕಾಗಿತ್ತು. ವಸ್ತುವನ್ನು ಒಪ್ಪಿಸದವರಿಗೆ ಗುಣವಿಲ್ಲವೆಂಬ ನಿಯಮದಂತೆ ನಾನು ಅವಳ ಹೆಸರಿನ ಮುಂದೆ ಸೊನ್ನೆಯನ್ನು ಬರೆದೆನು. ಹೊಸ ಶಿಕ್ಷಕಿಯು ಮೊದಲ ವರುಷದಲ್ಲಿಯೇ ನಿಯಮವನ್ನು ಸಡಿಲಿಸಿದಳೆಂದು ಯಾರಾದರೂ ಅಂದಾರೆಂಬ ಅಂಜಿಕೆ ನನಗಿತ್ತು. ಅವಳು ಅದನ್ನು ಕುರಿತು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಎರಡು ವರುಷಗಳ ಬಳಿಕ ಅವಳು ಹತ್ತನೆಯ ತರಗತಿಯನ್ನು ತೇರ್ಗಡೆಯಾಗಿ ಶಾಲೆಯನ್ನು ಬಿಟ್ಟಳು.

ಈಗಿನ ದಿಂಬಿಗೆ ಹಿಂದಿರುಗುವೆನು. ನಾನು ಕತ್ತರಿಯನ್ನು ಕೆಳಗಿಟ್ಟೆನು. ಓರೆಯಾದ ಸಾಲನ್ನು ಹಾಗೆಯೇ ಬಿಟ್ಟು ಮುಂದಿನ ಸುತ್ತನ್ನು ಅದರ ಬಾಗಿಗೆ ತಕ್ಕಂತೆ ಬಾಗಿಸಿದೆನು. ನಡುವಿಗೆ ಬರುವಷ್ಟರಲ್ಲಿ ಸಾಲುಗಳು ನೀರಿನ ತೆರೆಯಂತೆ ಕಂಡವು. ಬಳಿಕ ಮೇಲುಭಾಗವನ್ನು ೧೩ ಅಂಗುಲಕ್ಕೆ ಸರಿಮಾಡಿ ಕತ್ತರಿಸಿದೆನು. ಸುತ್ತಲೂ ಅರ್ಧ ಅಂಗುಲ ಹೊಲಿಗೆಗೆ ಹೋಗುವದು. ಬೆನ್ನಿಗೆ ೧೩ ಅಂಗುಲ ಉದ್ದ, ೯ ಅಂಗುಲ ಅಗಲದ ಎರಡು ತುಂಡುಗಳನ್ನು ತೆಗೆದುಕೊಂಡು, ಒಂದೊಂದರ ಒಂದು ಅಂಚನ್ನು ಒಂದು ಅಂಗುಲ ಮಡಿಸಿ ಹೊಲಿದು, ಒಂದರ ಮೇಲೊಂದು ೩ ಅಂಗುಲ ಏರುವಂತೆ ಇಟ್ಟೆನು. ಹೀಗೆ ಮಾಡಿದರೆ ಗುಂಡಿ ಬೇಕಾಗುವದಿಲ್ಲ. ಒಗೆಯುವಾಗ ಚೀಲವನ್ನು ತೆಗೆಯುವದೂ ಸುಲಭ. ಮಕ್ಕಳ ದಿಂಬಿಗೆ ಗುಂಡಿ, ಮಣಿ, ಕನ್ನಡಿಗಳನ್ನು ಹಚ್ಚದಿರುವದೇ ಲೇಸು, ಯಾಕಂದರೆ ಅವು ಕಿತ್ತು ಬಾಯಿಗೆ ಹೋಗುವ ಭಯವುಂಟು. ಒಳಗೆ ಬೂರುಗದ ಅರಳೆಯನ್ನು ಬೀಜ ತೆಗೆದು ಬಿಸಿಲಿಗೆ ಹಾಕಿ ತುಂಬಿದೆನು. ಇಲ್ಲಿ ಎಳೆಯ ತಾಯಂದಿರಿಗೆ ಒಂದು ಮಾತು: ಒಂದು ವರುಷ ತುಂಬದ ಕೂಸಿನ ಹಾಸಿಗೆಯಲ್ಲಿ ಎಂಥ ಚೆಂದದ ದಿಂಬನ್ನೂ ಇಡಬೇಡಿರಿ. ಮೆತ್ತನೆಯ ದಿಂಬು ಮೂಗಿಗೆ ಒತ್ತಿ ಉಸಿರು ಕಟ್ಟಬಹುದೆಂದು ವೈದ್ಯರು ಎಚ್ಚರಿಸುವರು.

ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆಯ ಸಿದ್ಧಿ ಹೆಂಗಸರು ಇಂಥ ಕೌದಿಯನ್ನು ಕವಂದಿ ಎನ್ನುವರು. ಅವರು ಅದರ ನಾಲ್ಕು ಮೂಲೆಗಳಿಗೂ ಮಡಿಸಿದ ಅರಿವೆಯ ಸಣ್ಣ ಹೂಗಳನ್ನು ಹಚ್ಚುವರು. ಅವಿಲ್ಲದೆ ಕವಂದಿ ಮುಗಿದಂತಲ್ಲ. ಅದನ್ನು ಅನುಸರಿಸಿ ನಾನೂ ಖಣದ ಚೂರುಗಳಿಂದ ನಾಲ್ಕು ಹೂಗಳನ್ನು ಮಾಡಿ ಭದ್ರವಾಗಿ ಹೊಲಿದೆನು.

ದಿಂಬನ್ನು ಕೊಟ್ಟಾಗ ಮಗುವು ಒಂದೊಂದು ತುಂಡಿನ ಮೇಲೆಯೂ ಬೆರಳಿಟ್ಟು ಇದು ಯಾರದೆಂದು ಕೇಳಿದಳು. ಇದು ಅಜ್ಜಿಯದು, ಇದು ಅಜ್ಜನದು, ಇದು ನಿನ್ನಪ್ಪನ ಅಂಗಿ ಎಂದು ಹೇಳಿದೆನು. ಓರೆಯಾದ ಸಾಲನ್ನು ಕಂಡು, “ಇಲ್ಲಿ ಸೊಟ್ಟ ಆಗ್ಯದ ಅತ್ತಿ” ಎಂದಳು. ಹೌದು, ಅಲ್ಲಿ ಅಜ್ಜಿಯ ಸೀರೆ ಬಹಳ ಸವೆದಿತ್ತು ಎಂದೆನು. ಅವಳಿಗೆ ಅಷ್ಟೇ ಸಾಕಾಯಿತು. ಈಗಲೂ ಕೆಲವು ರಾತ್ರಿ ತಾಯಿಯ ಬಳಿಗೆ ಬರುತ್ತಾಳಂತೆ. ಆದರೆ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾಳಂತೆ.

ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಈಗ ಹುಡುಗಿಯರು ಕಸೂತಿಗೆ ಮೊದಲು ಕೌದಿಯನ್ನು ಕಲಿಯುವರು. ಅದಕ್ಕೆ ಮನೆಯಿಂದ ಹಳೆಯ ಅರಿವೆಯನ್ನು ತರಬೇಕು. ಬಿಚ್ಚೆಂದು ಹೇಳುವ ಮುಂಚೆ ಇದು ಯಾರ ಅರಿವೆ ಎಂದು ಶಿಕ್ಷಕಿಯು ಕೇಳಬೇಕು. ಇದನ್ನು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ನಾನೇ ಮಾಡಿದ ಕಟ್ಟಳೆ.

ಆ ಹುಡುಗಿಯ ಹೆಸರನ್ನು ನಾನು ಇಲ್ಲಿ ಬರೆಯುವದಿಲ್ಲ. ಈ ಸಂಚಿಕೆಯು ಅವಳ ಕೈ ಸೇರಿದರೆ ಅವಳು ತಿಳಿದುಕೊಳ್ಳುವಳು. ಮಗಳೇ, ಆ ದಿವಸ ನಿನ್ನ ಕ್ಷಮೆಯನ್ನು ಕೇಳಬೇಕಾಗಿತ್ತು. ಇಷ್ಟು ತಡವಾಗಿ, ಎಲ್ಲರ ಮುಂದೆ ಕೇಳುತ್ತಿದ್ದೇನೆ, ಯಾಕಂದರೆ ನಿನ್ನ ಹೊಲಿಗೆಯನ್ನು ಎತ್ತಿ ಹಿಡಿದದ್ದೂ ಎಲ್ಲರ ಮುಂದೆಯೇ. ಹಳೆಯ ಗುಣಪುಸ್ತಕದ ಸೊನ್ನೆಯನ್ನು ಬಿಚ್ಚುವದಕ್ಕೆ ನನ್ನಿಂದಾಗದು. ಅದರ ಮೇಲೆ ಇದೊಂದು ತುಂಡನ್ನು ಹಚ್ಚಿದ್ದೇನೆ. ನಿನ್ನ ತಮ್ಮನಿಗೆ ಆಮೇಲೆ ನಿದ್ದೆ ಬಂತೇ? ಅನುಕೂಲವಾದಾಗ ಒಮ್ಮೆ ಶಾಲೆಗೆ ಬಂದು ಹೇಳು.