ಬಾನೆಟ್ಟಿನ ಕೆಳಗೊಂದು ಬಿಡಾರ

ವಾರಕ್ಕೊಮ್ಮೆ, ಅದೂ ಮಳೆಯಿಲ್ಲದ ಭಾನುವಾರಗಳಲ್ಲಿ ಮಾತ್ರ, ಸರಸ್ವತಿಪುರದ ನಮ್ಮ ಮನೆಯಿಂದ ಹೊರಟು ಚಾಮುಂಡಿಬೆಟ್ಟದ ತಪ್ಪಲಿನವರೆಗೆ ಹೋಗಿ ಬರುವುದನ್ನೇ ತನ್ನ ಜೀವಿತದ ಪರಮಕರ್ತವ್ಯವೆಂದು ಭಾವಿಸಿರುವ ನಮ್ಮ ಕಾರು, ಗೋಕುಲಾಷ್ಟಮಿ ಕಳೆದ ನಾಲ್ಕನೆಯ ದಿನ ಬೆಳಿಗ್ಗೆ, ಕೀಲಿಕೈ ತಿರುವಿದೊಡನೆ ಎಂದಿನಂತೆ ಗುಡುಗದೆ, ಕಫ ಕಟ್ಟಿದ ಮುದುಕರ ಕೆಮ್ಮಿನಂತಹ ಧ್ವನಿಯೊಂದನ್ನು ಹೊರಡಿಸಿ, ನನ್ನೆದುರಿನ ಫಲಕದಲ್ಲಿ ಹಳದಿಯ ದೀಪವೊಂದನ್ನು ಬೆಳಗಿ ಸುಮ್ಮನಾಯಿತು.

ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದವನು, ವೈದ್ಯರು ರೋಗಿಯ ನಾಲಗೆಯನ್ನು ನೋಡುವಷ್ಟು ಹೊತ್ತೂ ನೋಡದೆ, "ಇಲಿ ಸಾರ್" ಎಂದ. ಇಂಜೆಕ್ಟರಿಗೆ ಹೋಗುವ ಎರಡು ತಂತಿಗಳು ತುಂಡಾಗಿದ್ದವು. ಗಾಜು ತೊಳೆಯುವ ನೀರಿನ ಕೊಳವೆಗೆ ತೂತು ಬಿದ್ದಿತ್ತು. ಶಾಖವನ್ನೂ ಸದ್ದನ್ನೂ ತಡೆಯಲೆಂದು ಬಾನೆಟ್ಟಿನ ಒಳಮೈಗೆ ಹೊದಿಸಿದ್ದ ದಪ್ಪನೆಯ ಹೊದಿಕೆ, ಹಿಂಜಿದ ಹತ್ತಿಯಾಗಿ, ತೆಂಗಿನ ನಾರಿನೊಡನೆ ಬೆರೆತು, ಬ್ಯಾಟರಿಯ ಪಕ್ಕದಲ್ಲಿ ಬಾಣಂತಿಕೋಣೆಯ ಹಾಸಿಗೆಯಂತೆ ಸಜ್ಜಾಗಿತ್ತು. ಅದರ ಮಗ್ಗುಲಲ್ಲಿ ಅರ್ಧ ಕೋಡುಬಳೆ. ಅಷ್ಟಮಿಗೆಂದು ಕರಿದಿಟ್ಟಿದ್ದ ಕೋಡುಬಳೆಯ ಡಬ್ಬಿ ಬೇಗ ಬರಿದಾದುದಕ್ಕಾಗಿ ಮೂರು ದಿನಗಳಿಂದ ನನ್ನ ಮೇಲಿದ್ದ ಗುಮಾನಿ ಆ ಕ್ಷಣವೇ ಪರಿಹಾರವಾಯಿತು. ಅದು ಸಂಪೂರ್ಣವಾಗಿ ನ್ಯಾಯವಾದ ತೀರ್ಪೆಂದು ನಾನು ಹೇಳಲಾರೆ. ಆದರೆ ಮೇಲ್ಮನವಿ ಸಲ್ಲಿಸಲು ಇಲಿಗೆ ಅವಕಾಶವಿರಲಿಲ್ಲ.

ಸಂಸ್ಕೃತದವರು ಇದನ್ನು ಮೂಷಕವೆಂದರು, ಕದಿಯುವುದೆಂಬ ಅರ್ಥದ ಧಾತುವಿನಿಂದ. ಆಖುವೆಂದೂ ಕರೆದರು, ನೆಲವನ್ನು ಅಗೆಯುವುದರಿಂದ. ಕಳ್ಳತನಕ್ಕೊಂದು, ಅಗೆತಕ್ಕೊಂದು ಹೆಸರಿಟ್ಟವರು ಕಡಿತಕ್ಕೆ ಇನ್ನೊಂದನ್ನು ಇಡಬಹುದಾಗಿತ್ತೆಂದು, ದುರಸ್ತಿಯ ಬಿಲ್ಲನ್ನು ಕೈಯಲ್ಲಿ ಹಿಡಿದಿದ್ದಾಗ ನನಗನ್ನಿಸಿತು. ಕಡಿತವಾದರೂ ಅದರ ಚೇಷ್ಟೆಯಲ್ಲ. ಇಲಿಯ ಬಾಚಿಹಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ವರ್ಷಕ್ಕೆ 10 ಸೆಂಟಿಮೀಟರಿಗೂ ಮಿಗಿಲಾಗಿ. ಗಟ್ಟಿಯಾದ ಎನಾಮಲ್ ಹಲ್ಲಿನ ಮುಂಭಾಗಕ್ಕಷ್ಟೇ ಇದ್ದು ಹಿಂಭಾಗ ಮೆದುವಾಗಿರುವುದರಿಂದ, ಉಜ್ಜಿದಷ್ಟೂ ಬಡಗಿಯ ಉಳಿಯಂತೆ ಅಂಚು ಹರಿತವಾಗುತ್ತದೆ. ಸಾಣೆಕಲ್ಲನ್ನು ಬಾಯಲ್ಲೇ ಹೊತ್ತು ಹುಟ್ಟಿದ ಪ್ರಾಣಿಗೆ ತಾಮ್ರದ ತಂತಿಯಾದರೇನು, ತೆಂಗಿನ ಕರಟವಾದರೇನು! ಅಮೆರಿಕದಲ್ಲಿ ಕೆಲವು ಒಡೆಯರು, ತಂತಿಯ ಹೊದಿಕೆಯಲ್ಲಿ ಸೋಯಾ ಅವರೆಯ ಅಂಶವಿರುವುದೇ ಇಲಿಗಳ ಆಕರ್ಷಣೆಗೆ ಕಾರಣವೆಂದು ಕಾರಿನ ತಯಾರಕರ ಮೇಲೆ ಮೊಕದ್ದಮೆಯನ್ನೇ ಹೂಡಿದರು. ಅಡುಗೆಮನೆಯಲ್ಲಿ ಕೋಡುಬಳೆ ಇರುವಾಗ ತಂತಿಯ ರುಚಿಗಾಗಿ ಬರುವಷ್ಟು ನಮ್ಮ ಇಲಿ ಅರಸಿಕವೆಂದು ನಾನು ಒಪ್ಪೆನು.

ಪರಿಹಾರಗಳಿಗೆ ಬರವಿರಲಿಲ್ಲ. ಎದುರುಮನೆಯ ರಾಯರು ಹೊಗೆಸೊಪ್ಪಿನ ಕಟ್ಟು ತೂಗುಹಾಕೆಂದರು, ಹಾಕಿದೆ, ಎಂಜಿನ್ ಕಾದಾಗಲೆಲ್ಲ ಕಾರಿನೊಳಗೆ ಬೀಡಿ ಕಾರ್ಖಾನೆಯ ಸುವಾಸನೆ ತುಂಬಿ, ಹಿಂದಿನ ಆಸನದಲ್ಲಿದ್ದ ನಮ್ಮ ಅತ್ತೆಯವರು ಬೆಟ್ಟದ ದಾರಿಯಲ್ಲಿ ಇಳಿದು ನಿಂತರು. ನುಸಿಗುಳಿಗೆಯ ಪ್ರಯೋಗವೂ ಮೂಗಿಗೆ ಹೆಚ್ಚು ಹಿತವಾಗಲಿಲ್ಲ. ಜಪಾನಿನ ಹೋಂಡಾದವರು ಮೆಣಸಿನಕಾಯಿಯ ಖಾರಸತ್ವ ಬೆರೆಸಿದ ಟೇಪೊಂದನ್ನು ತಂತಿಗಳಿಗೆ ಸುತ್ತಲೆಂದು ಮಾರುತ್ತಾರಂತೆ. ಗುಂಟೂರು ಮೆಣಸಿನಕಾಯಿಯ ಚೀಲವನ್ನೇ ಕೊರೆದು ಪಳಗಿದ ದೇಶದ ಇಲಿಗೆ ಅದು ಒಗ್ಗರಣೆಯಂತೆ ಕಂಡೀತೆಂಬ ಭಯದಿಂದ ನಾನು ತರಿಸಲಿಲ್ಲ. ವಿಷವಿಡುವ ಮಾತೆತ್ತಿದಾಗ ಮನೆಯಾಕೆ, "ಇನ್ನೊಂದು ವಾರಕ್ಕೆ ಗಣಪತಿಯನ್ನು ಕೂರಿಸಬೇಕು, ಆತ ನಡೆದು ಬರಬೇಕೇನು?" ಎಂದು ಕೇಳಿದಳು. ಈ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಿಷ ತಿಂದ ಇಲಿ ಗಾಳಿಯ ಕೊಳವೆಯೊಳಗೆಲ್ಲಾದರೂ ಸತ್ತರೆ, ತಿಂಗಳೊಪ್ಪತ್ತು ಕಾರಿನ ಬಳಿ ಸುಳಿಯಲಾಗದೆಂದು ಮೆಕ್ಯಾನಿಕ್ಕೂ ಆಕೆಯ ಪಕ್ಷವನ್ನೇ ಹಿಡಿದ. ಕೊನೆಗೆ ಕೈಗೆ ರಬ್ಬರಿನ ಚೀಲ ತೊಡಿಸಿಕೊಂಡು, ಇಲಿಜ್ವರದ ಭೀತಿಯಿಂದ ಮೂಗಿಗೂ ವಸ್ತ್ರ ಕಟ್ಟಿಕೊಂಡು, ಆ ಬಾಣಂತಿಕೋಣೆಯನ್ನು ನಾನೇ ತೆರವು ಮಾಡಿ, ಮೂತ್ರದ ವಾಸನೆಯ ಜಾಡು ಹಿಡಿದು ಬಂಧುಬಳಗವೂ ಬಂದೀತೆಂದು ಎಲ್ಲವನ್ನೂ ಒರೆಸಿ, ಗಾಳಿ ಒಳಹೋಗುವ ಬಾಯಿಗೆ ಸಣ್ಣ ಕಣ್ಣಿನ ತಂತಿಜಾಲರಿ ಬಿಗಿಸಿದೆ.

ಹೋಗುವಾಗ ಮೆಕ್ಯಾನಿಕ್ ಹೇಳಿದ: "ದಿನಾ ಒಂದು ರೌಂಡ್ ಓಡಿಸಿ ಸಾರ್. ನಿಂತ ಗಾಡೀನೇ ಇಲಿ ಮನೆ ಮಾಡ್ಕೊಳ್ಳೋದು." ಅಂದಿನಿಂದ ನಾನು ನಿತ್ಯವೂ, ಹೋಗಬೇಕಾದ ಊರಿಲ್ಲದಿದ್ದರೂ, ಕುಕ್ಕರಹಳ್ಳಿ ಕೆರೆಯವರೆಗೆ ಕಾರಿನಲ್ಲಿ ಹೋಗಿ, ಅಲ್ಲಿ ನಡೆಯುವವರನ್ನು ಕುಳಿತಲ್ಲಿಂದಲೇ ನೋಡಿ ಬರುತ್ತೇನೆ. ಬಂದ ಮೇಲೆ ಎಂಜಿನ್ನಿನ ಬಿಸುಪು ಮಳೆಗಾಲದ ರಾತ್ರಿಯಲ್ಲಿ ಮತ್ತೊಂದು ಆಹ್ವಾನಪತ್ರಿಕೆಯಾಗದಿರಲೆಂದು, ಬಾನೆಟ್ಟನ್ನು ತೆರೆದೇ ಇಟ್ಟು, ಮೇಲೊಂದು ದೀಪ ಉರಿಸುತ್ತೇನೆ. ಇಲಿಯ ಸುಳಿವು ಹಿಡಿದು ಬೀದಿಯ ಬೆಕ್ಕೊಂದು ಅಲ್ಲೇ ಮಲಗತೊಡಗಿರುವುದರಿಂದ, ಬೆಳಿಗ್ಗೆ ಬಾನೆಟ್ಟನ್ನಿಳಿಸಿ ಕೀಲಿ ತಿರುವುವ ಮುನ್ನ, ಒಳಗಿರುವವರು ಯಾರೇ ಆಗಲಿ ಹೊರಬರಲೆಂದು ಮೂರು ಬಾರಿ ತಟ್ಟಿ ಎರಡು ನಿಮಿಷ ಕಾಯುವುದುಂಟು. ಅಹೋರಾತ್ರಿ ದೀಪವನ್ನೂ ಈ ತಟ್ಟುವಿಕೆಯನ್ನೂ ಕಂಡ ರಾಯರು, ಇದು ಯಾವ ವ್ರತವೆಂದು ಮೊನ್ನೆ ಕೇಳಿಯೇಬಿಟ್ಟರು.