ಮಣ್ಣಿನ ಲಿಂಗ, ಬಟ್ಟಲ ಹಾಲು

ಇಷ್ಟಲಿಂಗಪೂಜೆಗೆ ಕುಳಿತ ತಾಯಿಗೆ ಅರ್ಧ ಗಂಟೆಯ ಮೌನ ಬೇಕು. ನಾಲ್ಕು ವರ್ಷದ ಮೊಮ್ಮಗಳಿಗೆ ಅರೆ ನಿಮಿಷದ ಮೌನವೂ ಭಾರ. ಬೇಸಿಗೆಯಲ್ಲಿ ಬೆಂಗಳೂರಿನಿಂದ ವಿಜಯಪುರ ಜಿಲ್ಲೆಯ ತನ್ನ ಊರಿಗೆ ಬಂದಿದ್ದ ಮಗನು ಈ ತೊಡಕನ್ನು ಮೊದಲ ದಿನ ತನಗೆ ತಿಳಿದಂತೆ ಬಿಡಿಸಿದನು. ಮಗುವಿನ ಕೈಗೆ ಮೊಬೈಲು ಕೊಟ್ಟನು. ಮನೆ ನಿಶ್ಶಬ್ದವಾಯಿತು. ಪೂಜೆ ಮುಗಿಸಿ ಎದ್ದ ಆ ತಾಯಿ, “ಕೂಸು ಮನ್ಯಾಗ ಐತೋ ಇಲ್ಲೋ ಗೊತ್ತಾಗವಲ್ದು ತಮ್ಮಾ, ನಾಳೆ ಅದನ್ನ ಕೊಡಬ್ಯಾಡ” ಎಂದರು.

ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರುವುದು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇದು ಮಗನಿಗೆ ತಿಳಿದಿತ್ತು, ತಾಯಿಗೆ ತಿಳಿದಿರಲಿಲ್ಲ.

ಮರುದಿನ ಮಗು ಬಹಳ ಹೊತ್ತು ಅತ್ತಿತು. ಅಜ್ಜಿ ಸಮಾಧಾನಕ್ಕೆ ಇನ್ನೊಂದು ತಮಾಷೆ ತೋರಿಸಲಿಲ್ಲ. ಬಿಲ್ವಪತ್ರೆಯ ಬುಟ್ಟಿಯನ್ನು ಮುಂದಿಟ್ಟು, ಮೂರು ದಳ ಕೂಡಿದ್ದನ್ನು ಒಂದೆಡೆ, ಹುಳು ತಿಂದದ್ದನ್ನು ಒಂದೆಡೆ ಆರಿಸಲು ಹೇಳಿದರು. ಮಧ್ಯಾಹ್ನ ಕಟ್ಟೆಯ ಮೇಲೆ ಚೌಕಾಬಾರದ ಮನೆ ಬರೆದು ನಾಲ್ಕು ಕವಡೆ ಕೊಟ್ಟರು. ಮನೆ ಎಣಿಸುವುದು ಮಗುವಿಗೆ ಬಾರದು, ಕವಡೆ ಚೆಲ್ಲುವುದೇ ಅದಕ್ಕೆ ಆಟ. ಮೂರನೆಯ ದಿನ ನೆನೆಸಿದ ಎರೆಮಣ್ಣಿನ ಉಂಡೆ ಬಂದಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಅದೇ ಮಣ್ಣು.

ಮಗು ಎತ್ತು ಮಾಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅಜ್ಜಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಮಣ್ಣಿನ ಗುಂಡನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಬಳಿದು, ಬಟ್ಟಲ ಹಾಲನ್ನು ಅದರ ಮೇಲೆ ಸುರಿಯಿತು. ಹಾಲು ಮೊಣಕೈಗಿಳಿದು ನೆಲಕ್ಕೆ ಹರಿಯಿತು. “ಲಿಂಗ ಅಂದ್ರ ಆಟದ ಸಾಮಾನೇನು?” ಎಂದು ಗದರಿದ ತಂದೆ ಆ ಗುಂಡನ್ನು ಕಸಿದು ಅಂಗಳಕ್ಕೆ ಎಸೆದನು. ಅವನ ಸಿಟ್ಟಿನಲ್ಲಿ ಭಕ್ತಿಯೂ ಇರಲಿಲ್ಲವೆಂದಲ್ಲ. ಮಗು ಅಳುವುದಕ್ಕೂ ಹೆದರಿತು.

ಅಜ್ಜಿ ಪೂಜೆಯನ್ನು ಅರ್ಧಕ್ಕೆ ಬಿಟ್ಟು ಏಳಲಿಲ್ಲ. ಮುಗಿಸಿ, ಲಿಂಗವನ್ನು ಕೊರಳಿಗೆ ಧರಿಸಿಕೊಂಡು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೋಳೂರ ಕೊಡಗೂಸಿನ ಕಥೆ ತೆಗೆದರು. ಹರಿಹರನು ರಗಳೆಯಲ್ಲಿ ಹಾಡಿದ ಕಥೆ ಅದು. ಊರಿಗೆ ಹೊರಟ ತಂದೆ ಶಿವನಿಗೆ ನಿತ್ಯ ಹಾಲು ಕೊಡೆಂದು ಮಗಳಿಗೆ ಹೇಳಿಹೋದನು. ಕೊಡುವುದೆಂದರೆ ಕುಡಿಸುವುದೆಂದೇ ಅವಳು ತಿಳಿದಳು. ಶಿವನು ಕುಡಿಯದಿದ್ದಾಗ ಅತ್ತಳು, ಕಾಡಿದಳು, ಕುಡಿಸಿಯೇ ಬಿಟ್ಟಳು. ಲೋಕವರಿತ ತಂದೆ ಹಿಂತಿರುಗಿ ಬಂದು ಅವಳ ಮಾತನ್ನು ನಂಬಲಿಲ್ಲ, ಹೊಡೆಯಲು ಹೋದನು. ಅವಳು ಲಿಂಗವನ್ನು ಅಪ್ಪಿ ಅದರೊಳಗಾದಳು. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿದ ಗೊಲ್ಲಾಳನ ಗೊಲ್ಲಗೇರಿಯೂ ಅದೇ ಜಿಲ್ಲೆಯದು. ಶರಣಪರಂಪರೆ ಇಂಥವರನ್ನು ತಿದ್ದಲಿಲ್ಲ, ಪುರಾತನರ ಸಾಲಿನಲ್ಲಿ ಕೂರಿಸಿತು.

“ಆ ಅಪ್ಪಗ ಏನ್ ಸಿಕ್ತು ಆಯಿ?” ಎಂದು ಮಗು ಕೇಳಿತು.

“ಕೂದಲಷ್ಟ ಕೈಯಾಗ ಉಳೀತವ್ವಾ.”

ಬಾಗಿಲಲ್ಲಿ ನಿಂತಿದ್ದ ಮಗನು ಎಳವೆಯಲ್ಲಿ ಅದೇ ತೊಡೆಯ ಮೇಲೆ ಈ ಕಥೆ ಕೇಳಿದವನು. ಅಂಗಳಕ್ಕಿಳಿದು ಹುಡುಕಿದನು. ಗುಂಡು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಮಗಳ ಪಕ್ಕದಲ್ಲಿ ಕುಳಿತು, ನೀರು ಹಚ್ಚಿ ಅದನ್ನು ಮತ್ತೆ ದುಂಡಗೆ ಮಾಡತೊಡಗಿದನು. ಮಗು ಬಟ್ಟಲನ್ನು ಎತ್ತಿಕೊಂಡು ಹಾಲಿಗಾಗಿ ಒಳಗೆ ಓಡಿತು.