ಅಂಗಳದ ಒಲೆ

ಪೆರ್ಲದಿಂದ ಒಳಗೆ, ಗುಡ್ಡೆಯ ಬುಡದಲ್ಲಿರುವ ಆ ಮನೆಯ ಅಂಗಳದಲ್ಲಿ ಮೂರು ಕಲ್ಲಿನ ಒಲೆಯೊಂದು ಬಹುಕಾಲದಿಂದ ಇತ್ತು. ಭತ್ತ ಬೇಯಿಸುವುದಕ್ಕೆ, ಹಪ್ಪಳದ ಹಲಸಿನ ಸೊಳೆಯನ್ನು ಹಬೆಯಲ್ಲಿ ಬೇಯಿಸುವುದಕ್ಕೆ ಅದೇ ಆಧಾರ.

ಕಳೆದ ಬೇಸಿಗೆಯ ರಜೆಯಲ್ಲಿ ಐದನೆಯ ತರಗತಿಯ ಮೊಮ್ಮಗಳು ಅದರ ಬೂದಿಯ ಮೇಲೆ ಬರಿಗಾಲಿಟ್ಟಳು. ಹಿಂದಿನ ಸಂಜೆಯೇ ಆರಿತೆಂದು ಎಲ್ಲರೂ ನಂಬಿದ್ದ ಒಲೆ. ಬೂದಿಯ ಕೆಳಗೆ ಕೆಂಡ ಉಳಿದಿತ್ತು. ಗಾಬರಿಯಲ್ಲಿ ಯಾರೋ ಟೂತ್‌ಪೇಸ್ಟ್ ಬಳಿದರು. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಪಾದವನ್ನು ಹಿಡಿಯಬೇಕಿತ್ತೆಂಬುದು ಆಸ್ಪತ್ರೆಯಲ್ಲಿ ತಿಳಿಯಿತು.

ಒಲೆಯನ್ನೇ ಕಿತ್ತುಹಾಕಬೇಕೆಂದು ಮಗ ಹಟ ಹಿಡಿದ. ಅಜ್ಜಿ ಮಾತನಾಡಲಿಲ್ಲ, ಹಂಡೆ ತುಂಬ ಭತ್ತವನ್ನು ಗ್ಯಾಸಿನ ಮೇಲೆ ಬೇಯಿಸುವುದು ಹೇಗೆಂದು ಅವನೂ ಹೇಳಲಿಲ್ಲ. ನಿವೃತ್ತ ಮಾಸ್ತರರಾದ ಅಜ್ಜ ಮಾತ್ರ, "ಒಲೆ ಇರಲಿ, ಜಾಗ ಬದಲಾಗಲಿ" ಎಂದರು.

ಎಂಟು ದಿನ ಅವರು ಒಲೆ ಉರಿಸುವ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿ ಊದುಬತ್ತಿ ನೆಟ್ಟು ಹೊಗೆಯ ದಾರಿಯನ್ನು ನೋಡಿದರು. ಮಧ್ಯಾಹ್ನದ ಗಾಳಿ ಪಡುವಣ ಕಡಲಿನಿಂದ. ಬೆಳಗಿನ ಜಾವದ್ದು ಮೂಡಣ ಗುಡ್ಡೆಯಿಂದ. ಹಳೆಯ ಒಲೆಯ ಮೂಡುದಿಕ್ಕಿಗೇ ಹಟ್ಟಿ, ಅದರ ಅಟ್ಟದ ತುಂಬ ಬೈಹುಲ್ಲು! ಇಷ್ಟು ವರ್ಷ ಹಟ್ಟಿ ಉಳಿದದ್ದು ಮನೆಯವರ ಜಾಣತನದಿಂದಲ್ಲ. ಕೊನೆಗೆ ಮನೆಯ ಬಡಗಣ ಬದಿಯಲ್ಲಿ, ಯಾವ ಮಾಡಿನಿಂದಲೂ 20 ಅಡಿ ದೂರದಲ್ಲಿ, ತೆಂಗಿನ ಮಡಲು ತಲೆಯ ಮೇಲೆ ಬಾಗದ ಕಡೆ ಜಾಗ ನಿಶ್ಚಯವಾಯಿತು.

"ಸಿಮೆಂಟಾದರೆ ಒಂದು ದಿನದ ಕೆಲಸ, ಮಾಸ್ತರ್ರೇ" ಎಂದ ಮೇಸ್ತ್ರಿ. ಮಾಸ್ತರರು ಒಪ್ಪಲಿಲ್ಲ. ಸಿಮೆಂಟು ಕಾವಿಗೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ನೀರು ಹೀರಿದ ಕೆಂಪುಕಲ್ಲಿನೊಳಗೆ ಆವಿ ಹುಟ್ಟಿದರೆ ಕಲ್ಲು ಸಿಡಿಯಲೂಬಹುದು. ಆದುದರಿಂದ ಕೆಂಪುಕಲ್ಲು ಹೊರಗೋಡೆಗೆ ಮಾತ್ರ. ಒಳಗೆ ಉಮಿ ಬೆರೆಸಿದ ಆವೆಮಣ್ಣಿನ ದಪ್ಪ ಲೇಪ. ಮೂರು ವಾರ ಒಣಗಲು ಬಿಟ್ಟು, ಮೊದಮೊದಲು ಸಣ್ಣ ಉರಿ. ಗಾಳಿ ನೇರವಾಗಿ ನುಗ್ಗದಂತೆ ಒಲೆಯ ಬಾಯಿ ಬಡಗಣಕ್ಕೆ. ಸುತ್ತ ನಾಲ್ಕು ಅಡಿ ಹುಲ್ಲು, ಸೋಗೆ ಏನೂ ಉಳಿಯದಂತೆ ನೆಲವನ್ನು ಹೆರೆಸಿದರು.

ಬೇಲಿಯಾಚೆ ನೆರೆಯವರ ಗುಡ್ಡೆ, ಬೇಸಿಗೆಯಲ್ಲಿ ಒಣಗಿ ನಿಲ್ಲುವ ಮುಳಿಹುಲ್ಲು. ಬೆಂಕಿಯ ವಿಷಯದಲ್ಲಿ ಅಜಾಗರೂಕತೆಯಿಂದ ವರ್ತಿಸಿ ಅನ್ಯರ ಜೀವಕ್ಕೆ ಅಪಾಯ ಒಡ್ಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 287ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 2,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು. ಆದರೆ ಕಲಮು ಬರುವುದು ಗುಡ್ಡೆ ಉರಿದ ಮೇಲೆ. ಗಾಳಿ ಬಿರುಸಾದ ದಿನ ಒಲೆ ಹಚ್ಚಕೂಡದೆಂದು ಮಾಸ್ತರರು ಮನೆಯಲ್ಲಿ ಕಟ್ಟುನಿಟ್ಟು ಮಾಡಿದರು. ನೀರು ತುಂಬಿದ ಎರಡು ಕೊಡ ಪಕ್ಕದಲ್ಲಿಲ್ಲದೆ ಕಡ್ಡಿ ಗೀರುವಂತೆಯೂ ಇಲ್ಲ.

ಮೊದಲ ಹಂಡೆ ಭತ್ತ ಬೆಂದ ಸಂಜೆ ಬೂದಿಯನ್ನೆಲ್ಲ ಕಬ್ಬಿಣದ ಬಾಣಲೆಗೆ ಎಳೆದು ನೀರು ಹೊಯ್ದರು. ಚುಂಯ್ ಎಂದ ಸದ್ದು ನಿಲ್ಲುವವರೆಗೂ ಮೊಮ್ಮಗಳು ಜಗಲಿಯಲ್ಲಿಯೇ ಕುಳಿತಿದ್ದಳು. ಅಜ್ಜ ಕರೆದ ಮೇಲೆ ಎದ್ದಳು, ಚಪ್ಪಲಿ ಮೆಟ್ಟಿ ಬಂದು ನೋಡಿದಳು.

"ಅಜ್ಜಾ, ಇನ್ನೊಂದು ಚೆಂಬು ಹೊಯ್ಯಲಾ?"